ಹೊಳೆ ಬರುವ ಮುನ್ನ ಸಭೆಗಳು ಕೂಡಿದರೆ

ಪೇಪರಿನಲ್ಲಿ ‘ಪ್ರವಾಹ’ ಎಂದಿರುತ್ತದೆ, ಸರ್ಕಾರಿ ಕಡತದಲ್ಲಿ ‘ನೆರೆ’ ಎಂದಿರುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಯವರು ‘ಹೊಳಿ ಬಂತು’ ಅನ್ನುತ್ತಾರೆ, ಅಷ್ಟೇ. 2019ರ ಆಗಸ್ಟಿನಲ್ಲಿ ಬಂತು, 2021ರ ಜುಲೈನಲ್ಲಿ ಬಂತು, 2024ರ ಜುಲೈ ಕೊನೆಗೆ ಮತ್ತೆ ಬಂತು. ಲೋಳಸೂರ ಸೇತುವೆಯ ಮೇಲೆ ನೀರು ಹತ್ತಿತು ಎಂಬ ಸುದ್ದಿ ಹಬ್ಬಿದರೆ ಸಾಕು, ಗೋಕಾಕದ ತಗ್ಗಿನ ಗಲ್ಲಿಗಳಲ್ಲಿ ಹಾಸಿಗೆ ಸುತ್ತಿ, ಕಾಳುಕಡಿ ಅಟ್ಟಕ್ಕೇರಿಸುವ ಗಡಿಬಿಡಿ ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ಕೈಕಟ್ಟಿ ಕೂರಲು ಯಾವ ಕ್ರೈಸ್ತ ಸಭೆಗೂ ಮನಸ್ಸು ಬರುವುದಿಲ್ಲ. ಒಬ್ಬರು ಅಕ್ಕಿ ಕೂಡಿಸುತ್ತಾರೆ, ಇನ್ನೊಬ್ಬರು ಹೊದಿಕೆ ತರುತ್ತಾರೆ, ಮತ್ತೊಬ್ಬರು ಟೆಂಪೊ ಮಾಡಿಕೊಂಡು ಹೊರಡುತ್ತಾರೆ. ಆದರೆ ಒಬ್ಬೊಬ್ಬರೇ ಹೊರಟಾಗ ಮೂರು ಟೆಂಪೊಗಳೂ ಡಾಂಬರು ರಸ್ತೆ ಮುಗಿಯುವ ಒಂದೇ ಊರಿನ ಮುಂದೆ ನಿಲ್ಲುತ್ತವೆ. ರಸ್ತೆ ಬದಿಯ ಮನೆಗೆ ನಾಲ್ಕು ಚೀಲ ದಿನಸಿ ಸಿಗುತ್ತದೆ, ಒಳಗಿನ ತೋಟದ ಮನೆಯಲ್ಲಿರುವ ಒಂಟಿ ಮುದುಕಿಗೆ ಒಂದೂ ಸಿಗುವುದಿಲ್ಲ. ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಹತ್ತು ಟೆಂಪೊಗಳಿಗಿಂತ ಎಲ್ಲ ಸಭೆಗಳೂ ಸೇರಿ ಬರೆದ ಒಂದು ಯಾದಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ನಂಬಿಕೆ. ಈ ಮೂರು ತಾಲ್ಲೂಕುಗಳ ಫಾದರ್‌ಗಳು, ಪಾಸ್ಟರ್‌ಗಳು, ಕಮಿಟಿಯವರು, ಸ್ತ್ರೀಯರ ಸಂಘದವರು, ಯುವಜನರು ಆ ಯಾದಿಯನ್ನು ಹೇಗೆ ಬರೆಯಬಹುದು, ಅದರ ಸುತ್ತ ಏನೇನು ಮಾಡಬಹುದು ಎಂದು ಹೇಳಲು ಈ ಬರಹ.

ನಾವು ಎಷ್ಟು ಜನ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಈ ಭಾಗದಲ್ಲಿ ಅದಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಕ್ಯಾಥೋಲಿಕರು, ಮೆಥೋಡಿಸ್ಟರು, ಸಿಎಸ್‌ಐನವರು, ತಗಡಿನ ಶೆಡ್ಡಿನಲ್ಲಿ ಕೂಡುವ ಸ್ವತಂತ್ರ ಸಭೆಯವರು ಎಂದು ಹಂಚಿಹೋಗಿದ್ದೇವೆ. ಮೂವತ್ತು ಮನೆಗಳ ಸಭೆಯೊಂದು ತಾನೊಂದೇ ಎಷ್ಟು ಓಣಿ ಮುಟ್ಟೀತು?

ಕೂಡಿ ನಡೆಯುವುದು ಈ ನೆಲಕ್ಕೆ ಹೊಸದೇನಲ್ಲ. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿತು. 1904ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರ ಕೈಗೆ ಒಪ್ಪಿಸಿತು. ಎಂಟು ದಶಕ ಬೆವರು ಸುರಿಸಿದ ಹೊಲವನ್ನು ಬೇರೊಂದು ಪಂಗಡಕ್ಕೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪರಂಪರೆಯವರು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಕಟ್ಟಿದರು. ಅದೇ ವರ್ಷ ದೇಶ ವಿಭಜನೆಯ ನಿರಾಶ್ರಿತರಿಗೆ ನೆರವಾಗಲು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಮಾಡಿದ ಸಮಿತಿಯೇ ಇಂದಿನ ಕಾಸಾ. ಕ್ಯಾಥೋಲಿಕ್ ಸಭೆಯ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ 1962ರದು. ಅಲ್ಲಿ ಮೇಲುಮಟ್ಟದಲ್ಲಿ ಆದದ್ದು ಇಲ್ಲಿ ತಾಲ್ಲೂಕು ಮಟ್ಟದಲ್ಲಿ ಆಗಬೇಕು.

ಹೊಳೆಯ ಕ್ರಮದಲ್ಲೇ ಕೂಡಿ

ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಘಟಪ್ರಭಾ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಸುಮಾರು 51 ಟಿಎಂಸಿ ನೀರು ಹಿಡಿಯುವ ಶಕ್ತಿಯಿದೆ. ಅಂಬೋಲಿಯಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿ ಅಣೆಕಟ್ಟಿನ ಕೆಳಗೆ ಬಂದು ಘಟಪ್ರಭೆಯನ್ನು ಸೇರುತ್ತದೆ. ಗೋಕಾಕದ ಬಳಿ ಮಾರ್ಕಂಡೇಯ ಸೇರುತ್ತದೆ. ಹೀಗೆ ಮೂರು ಕಡೆಯ ನೀರು ಹೊತ್ತ ಹೊಳೆ ಮೂಡಲಗಿ ತಾಲ್ಲೂಕಿನ ನದಿತೀರದ ಊರುಗಳನ್ನು ಮುಟ್ಟಿ ಮುಧೋಳದತ್ತ ಹೋಗುತ್ತದೆ.

ಆದ್ದರಿಂದಲೇ ಹಿಡಕಲ್‌ನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದನ್ನಷ್ಟೇ ನೋಡಿಕೊಂಡು ಕೂತರೆ ಗೋಕಾಕದವರು ಮೋಸ ಹೋಗುತ್ತಾರೆ. ಡ್ಯಾಂ ಗೇಟು ಹಾಕಿದ್ದರೂ ಗಡಹಿಂಗ್ಲಜ ಕಡೆ ಮಳೆ ಹೊಡೆದರೆ ಹಿರಣ್ಯಕೇಶಿಯ ನೀರು ತಡೆಯಿಲ್ಲದೆ ಬರುತ್ತದೆ. ನೀರನ್ನು ಮೊದಲು ಕಾಣುವವರು ಸಂಕೇಶ್ವರ, ಹುಕ್ಕೇರಿಯವರು. ಆಮೇಲೆ ಗೋಕಾಕ, ಕೊನೆಗೆ ಮೂಡಲಗಿ. ಸಭೆಗಳ ಕೂಟವೂ ಈ ಕ್ರಮದಲ್ಲೇ ಇರಲಿ. ಸಂಕೇಶ್ವರದ ಸಭೆಯ ಇಬ್ಬರು ಯುವಕರಿಗೆ ಒಂದೇ ಕೆಲಸ: ಜುಲೈ, ಆಗಸ್ಟಿನಲ್ಲಿ ದಿನಕ್ಕೆ ಎರಡು ಸಲ ಸುರಕ್ಷಿತ ದೂರದಿಂದ ಹೊಳೆ ನೋಡಿ, ಸೇತುವೆಯ ಕಂಬಕ್ಕೆ ನೀರು ಎಲ್ಲಿಗೆ ಮುಟ್ಟಿದೆ ಎಂದು ಗೋಕಾಕಕ್ಕೆ ಫೋನ್ ಮಾಡುವುದು. ಗೋಕಾಕದವರು ಲೋಳಸೂರ ಸೇತುವೆ ನೋಡಿ ಮೂಡಲಗಿಗೆ ಹೇಳುವುದು. ವಾಟ್ಸ್ಆ್ಯಪ್ ಗುಂಪು ಇರಲಿ, ಆದರೆ ಅದನ್ನೇ ನಂಬಬೇಡಿ. ಮಳೆಯಲ್ಲಿ ಕರೆಂಟು ಹೋಗಿ ಟವರು ಕೈಕೊಡುವುದು ಮಾಮೂಲು. ಮೂರೂ ಕಡೆಯ ಆರು ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದು ಚರ್ಚಿನ ಬಾಗಿಲ ಹಿಂದೆ ಅಂಟಿಸಿಡಿ. ಅದರ ಕೆಳಗೆ ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಕರೆ 112, ಆಂಬುಲೆನ್ಸ್ 108 ಇರಲಿ. ಅಧಿಕೃತ ಎಚ್ಚರಿಕೆ ಕೊಡುವುದು ಜಿಲ್ಲಾಡಳಿತದ ಕೆಲಸ. ನಮ್ಮದು ಆ ಎಚ್ಚರಿಕೆ ಕೊನೆಯ ಮನೆಗೆ ಮುಟ್ಟಿತೇ ಎಂದು ನೋಡುವುದು. ಕಿವಿ ಕೇಳದ ಅಜ್ಜನಿಗೆ ಡಂಗುರವೂ ಕೇಳುವುದಿಲ್ಲ, ಮೈಕೂ ಕೇಳುವುದಿಲ್ಲ.

ಒಂದೇ ವಹಿ

ನೂರಿನ್ನೂರು ರೂಪಾಯಿಯ ಗಟ್ಟಿ ರಟ್ಟಿನ ವಹಿ ತನ್ನಿ. ಒಂದು ಓಣಿಗೆ ಒಂದು ಪುಟ. ಪುಟದ ಮೇಲೆ ಓಣಿಯ ಹೆಸರು, ಅದರ ಹೊಣೆ ಹೊತ್ತ ಸಭೆಯ ಹೆಸರು. ಕೆಳಗೆ ಸಾಲು ಸಾಲಾಗಿ ಮನೆಗಳು. ಒಂದು ಸಾಲು ಹೀಗಿರಲಿ: ಮನೆಯ ಯಜಮಾನಿಯ ಹೆಸರು, ಎಷ್ಟು ಜನ, ಅದರಲ್ಲಿ ಎತ್ತಿಕೊಂಡೇ ಹೋಗಬೇಕಾದವರು ಎಷ್ಟು, ಬಸುರಿ ಬಾಣಂತಿ ಇದ್ದಾರೆಯೇ, ದಿನಾ ತಪ್ಪದೆ ತೆಗೆದುಕೊಳ್ಳಬೇಕಾದ ಔಷಧ ಯಾವುದು, ದನ ಎಮ್ಮೆ ಎಷ್ಟು, ಸ್ವಂತ ಮನೆಯೋ ಬಾಡಿಗೆಯೋ. ಕೊನೆಯ ಕಾಲಂ ಖಾಲಿ ಬಿಡಿ. ಏನು ಕೊಟ್ಟಿರಿ, ಯಾವ ದಿನ, ಯಾರ ಕೈಯಿಂದ ಎಂದು ಆಮೇಲೆ ತುಂಬುವುದು ಅಲ್ಲಿ.

ಜಾತಿ, ಧರ್ಮದ ಕಾಲಂ ಮಾತ್ರ ಈ ವಹಿಯಲ್ಲಿ ಬೇಡ. ಬರೆಯದಿದ್ದರೆ ನೋಡುವ ಚಟವೂ ಬರುವುದಿಲ್ಲ.

ವಹಿಗೆ ಬೇಕಾದ ಮಾಹಿತಿ ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ಬಹುಮಟ್ಟಿಗೆ ಗೊತ್ತಿರುತ್ತದೆ. ಅವರನ್ನು ಕೂರಿಸಿಕೊಂಡು ಒಂದು ಕಪ್ ಚಹಾ ಕೊಟ್ಟು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಎರಡು ಬೇರೆ ಸಭೆಗಳ ಇಬ್ಬರು ಹೆಣ್ಣುಮಕ್ಕಳು ಜೊತೆಯಾಗಿ ಮನೆಮನೆಗೆ ಹೋಗಬೇಕು. ಬೇರೆ ಬೇರೆ ಸಭೆಯವರೇ ಆಗಿರಬೇಕು. ಆಗ ಯಾದಿ ಒಂದು ಸಭೆಯ ಆಸ್ತಿಯಾಗುವುದಿಲ್ಲ, ತನ್ನವರ ಹೆಸರು ಮೊದಲು ಬರೆಯುವ ಆಸೆಯೂ ಹುಟ್ಟುವುದಿಲ್ಲ. ವಹಿಯ ಒಂದು ಪ್ರತಿ ಗ್ರಾಮ ಪಂಚಾಯಿತಿ ಪಿಡಿಒ ಅವರಿಗೆ, ಒಂದು ಗ್ರಾಮ ಆಡಳಿತ ಅಧಿಕಾರಿಗೆ ಕೊಟ್ಟಿಡಿ. ರೋಗದ ವಿವರ ಇರುವ ಕಾಲಂ ಮುಚ್ಚಿ ಜೆರಾಕ್ಸ್ ಮಾಡಿಸಿ. ಅದು ಆ ಮನೆಯವರ ಗುಟ್ಟು, ಊರಿನದಲ್ಲ.

ಏನು ಕೊಡಬೇಕು, ಏನು ಬೇಡ

ಅಡುಗೆ ಮಾಡಿ ಬಡಿಸುವ ಕೆಲಸಕ್ಕೆ ನಾವು ಕೈಹಾಕದಿರುವುದೇ ಒಳ್ಳೆಯದು. ಸರ್ಕಾರ ಕಾಳಜಿ ಕೇಂದ್ರ ತೆರೆದು ಊಟ ಹಾಕುತ್ತದೆ. ಈ ಭಾಗದ ಮಠಗಳಿಗೆ ದಾಸೋಹದ ದೊಡ್ಡ ಹಂಡೆಗಳಿವೆ, ಸಾವಿರ ಜನಕ್ಕೆ ಅನ್ನ ಸಾರು ಇಳಿಸುವ ಕೈಗಳಿವೆ. ಅಲ್ಲಿಗೆ ಹೋಗಿ ‘ನಿಮಗೇನು ಸಾಲದು?’ ಎಂದು ಕೇಳಿ. ಮಕ್ಕಳ ಹಾಲೋ, ಬಡಿಸುವ ಆಳೋ, ಗ್ಯಾಸ್ ಸಿಲಿಂಡರೋ, ಅದನ್ನು ತುಂಬಿಕೊಡಿ. ಫಾದರೊಬ್ಬರು, ಪಾಸ್ಟರೊಬ್ಬರು ಮಠದ ಪಂಕ್ತಿಯಲ್ಲಿ ಸೌಟು ಹಿಡಿದು ನಿಂತರೆ ಅದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ನಾವು ಕೊಡಬಹುದಾದದ್ದು ಖಡಕ್ ರೊಟ್ಟಿ. 2019ರಲ್ಲಿ ಉತ್ತರ ಕರ್ನಾಟಕದ ಊರೂರುಗಳಿಂದ ಜೋಳದ ರೊಟ್ಟಿಯ ಗಂಟುಗಳು ಸಂತ್ರಸ್ತರಿಗೆ ಹೊರಟದ್ದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ತೆಳ್ಳಗೆ ಬಡಿದು, ಹಂಚಿನ ಮೇಲೆ ಎರಡೂ ಮಗ್ಗುಲು ಸುಟ್ಟು, ಒಲೆಯ ಬದಿಗೆ ಒರಗಿಸಿಟ್ಟು ಪಸೆಯೆಲ್ಲ ಆರಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನು ಬಿಸಿಯಾಗಿ ಕಟ್ಟಬಾರದು, ಬೆವರಿ ಬೂಸಲು ಹಿಡಿಯುತ್ತದೆ. ಪೂರ್ತಿ ತಣಿದ ಮೇಲೆ ಇಪ್ಪತ್ತರ ಕಟ್ಟು ಮಾಡಿ, ಒಣ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಬೇಕು. ಜೊತೆಗೆ ಶೇಂಗಾ ಚಟ್ನಿಪುಡಿ, ಒಂದು ಅಚ್ಚು ಬೆಲ್ಲ. ಬೆಂಕಿ ಬೇಡ, ಪಾತ್ರೆ ಬೇಡ. ಮುಳುಗಿದ ಮನೆಯ ಮಾಳಿಗೆಯ ಮೇಲೆ ಕೂತವನಿಗೂ ಅದು ಊಟ. ಒಂದು ಸಭೆಯ ಸ್ತ್ರೀಯರ ಸಂಘ ರೊಟ್ಟಿ ಬಡಿಯಲಿ, ಇನ್ನೊಂದು ಚಟ್ನಿ ಕುಟ್ಟಲಿ, ಮೂರನೆಯದು ಕಟ್ಟು ಕಟ್ಟಲಿ.

ಜೋಳ ಎಲ್ಲಿಂದ? ಮಿಜೋರಾಂನ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಇಡುತ್ತಾರೆ, ಸಭೆ ಅದನ್ನು ಕೂಡಿಸುತ್ತದೆ. ಜೋಳಿಗೆ ಹಿಡಿದು ಬಂದವರಿಗೆ ಹಿಡಿ ಕಾಳು ಹಾಕಿ ಗೊತ್ತಿರುವ ನಮ್ಮ ಮನೆಗಳಿಗೆ ಇದನ್ನು ಕಲಿಸಬೇಕಾಗಿಲ್ಲ. ಜನವರಿಯಿಂದ ಜೂನ್‌ವರೆಗೆ ಮನೆಗೆ ದಿನಕ್ಕೊಂದು ಹಿಡಿ ಜೋಳ ಇಟ್ಟರೆ ಮಳೆಗಾಲಕ್ಕೆ ಚರ್ಚಿನ ಕೋಣೆಯಲ್ಲಿ ಚೀಲಗಳು ನಿಂತಿರುತ್ತವೆ.

ಹಳೆ ಬಟ್ಟೆಯ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಬೇಡ. ಹರಿದ ಪ್ಯಾಂಟು, ಗುಂಡಿ ಕಿತ್ತ ಅಂಗಿ ರಸ್ತೆ ಬದಿ ರಾಶಿ ಬಿದ್ದು ಮಳೆಯಲ್ಲಿ ಕೊಳೆಯುವುದು ಸೇವೆಯಲ್ಲ, ಅವಮಾನ. ಕೊಡುವುದಾದರೆ ಹೊಸ ಒಳಉಡುಪು, ನೈಟಿ, ಟವೆಲು, ಸ್ಯಾನಿಟರಿ ಪ್ಯಾಡು ಕೊಡಿ. ಕೇಳಲು ಹೆಣ್ಣುಮಕ್ಕಳಿಗೆ ಮುಜುಗರವಾಗುವ ಸಾಮಾನುಗಳೇ ಮೊದಲು ತೀರುವುದು. ಮೆತ್ತನೆಯ ಹಳೆ ಕಾಟನ್ ಸೀರೆಗಳಿಗೆ ಮಾತ್ರ ಒಳ್ಳೆಯ ದಾರಿಯಿದೆ. ಬೇಸಿಗೆಯಲ್ಲೇ ಕೂಡಿಸಿ, ಒಗೆದು, ಕೌದಿ ಹೊಲಿಯಿರಿ. ಆಗಸ್ಟಿನ ಚಳಿಗಾಳಿಯಲ್ಲಿ ಶಾಲೆಯ ಸಿಮೆಂಟು ನೆಲದ ಮೇಲೆ ಮಲಗಿದ ಮಗುವಿಗೆ ಕೌದಿಯಷ್ಟು ಹಿತವಾದದ್ದು ಬೇರಿಲ್ಲ.

ಇನ್ನೊಂದು ವಿಷಯ ಹೊರಗಿನಿಂದ ಬರುವವರಿಗೆ ತಿಳಿಯುವುದೇ ಇಲ್ಲ, ಮೇವು. ನೀರು ಮೊಣಕಾಲಿಗೆ ಬಂದರೂ ರೈತ ಮನೆ ಬಿಡದಿರುವುದು ಹಟಕ್ಕಲ್ಲ, ಕೊಟ್ಟಿಗೆಯಲ್ಲಿ ಎಮ್ಮೆ ನಿಂತಿದೆ ಎಂಬ ಕಾರಣಕ್ಕೆ. ಎಮ್ಮೆಗೆ ಜಾಗವಿದೆ ಎಂದರೆ ಆತ ಹೊರಡುತ್ತಾನೆ. ಎತ್ತರದಲ್ಲಿ ಕಾಂಪೌಂಡು ಇರುವ ಸಭೆ ಅದನ್ನು ದನಗಳಿಗೆ ಬಿಟ್ಟುಕೊಡಲಿ. ನಾಲ್ಕು ಗಾಡಿ ಒಣ ಕಣಿಕೆಯನ್ನು ಬೇಸಿಗೆಯಲ್ಲೇ ಒಟ್ಟಿ ತಾಡಪತ್ರಿ ಮುಚ್ಚಿಡಲಿ. ಅಂಗಳ ಸಗಣಿಯಾಗುತ್ತದೆ, ಆಗಲಿ. ತೊಳೆದರೆ ಹೋಗುತ್ತದೆ.

ಹಣ, ಬೋರ್ಡು, ಫೋಟೊ

ಕೂಡಿಸಿದ ಹಣ ಯಾರೊಬ್ಬರ ಸ್ವಂತ ಖಾತೆಗೂ ಫೋನ್‌ಪೇ ನಂಬರಿಗೂ ಹೋಗಬಾರದು. ನೋಂದಣಿಯಾದ ಒಂದು ಸಭೆಯ ಹೆಸರಲ್ಲಿ ಬೇರೆ ಖಾತೆ ತೆರೆದು, ಮೂರು ಸಭೆಗಳ ಮೂವರಿಗೆ ಸಹಿ ಅಧಿಕಾರ ಕೊಟ್ಟು, ಇಬ್ಬರ ಸಹಿಯಿಲ್ಲದೆ ಹಣ ಹೊರಬರದಂತೆ ಮಾಡಿ. ತಿಂಗಳಿಗೊಮ್ಮೆ ಜಮಾ ಖರ್ಚು ಎಲ್ಲ ಚರ್ಚುಗಳ ನೋಟಿಸ್ ಬೋರ್ಡಿನಲ್ಲಿ ಹಾಕಿ. ದುಬೈನಲ್ಲೋ ಅಮೆರಿಕದಲ್ಲೋ ಇರುವ ಪರಿಚಯದವರು ಹಣ ಕಳಿಸುತ್ತೇವೆ ಎಂದರೆ ಅವಸರ ಬೇಡ. ವಿದೇಶಿ ದೇಣಿಗೆ ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಆಡಿಟರನ್ನು ಕೇಳದೆ ಒಂದು ಪೈಸೆ ಮುಟ್ಟಬೇಡಿ. ನಮ್ಮ ನೆಲದ ನೂರು ರೂಪಾಯಿಯ ಕಾಣಿಕೆಗೆ ಇಂಥ ತೊಡಕಿಲ್ಲ.

ದಿನಸಿ ಕಿಟ್ಟಿನ ಮೇಲೆ ಸಭೆಯ ಹೆಸರು, ಒಳಗೆ ಕರಪತ್ರ, ಕೊಡುವ ಮುನ್ನ ಪ್ರಾರ್ಥನೆಗೆ ಕೂರಿಸುವುದು ಇವು ಮೂರೂ ಬೇಡವೇ ಬೇಡ. ನಮ್ಮ ಜಿಲ್ಲೆಯಲ್ಲಿ ಚರ್ಚಿನವರ ಸಹಾಯವನ್ನು ಮತಾಂತರದ ಅನುಮಾನದಿಂದ ನೋಡುವ ಕಣ್ಣುಗಳಿವೆ ಎಂಬುದು ಗೊತ್ತಿರುವ ಮಾತು. ಆದರೆ ನಾನು ಹೇಳುತ್ತಿರುವುದು ಆ ಭಯಕ್ಕಲ್ಲ. ಹಸಿದವನಿಗೆ ಶರತ್ತು ಹಾಕುವುದು ತಪ್ಪು ಎಂಬುದಕ್ಕೆ. 1994ರಲ್ಲಿ ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು ಸೇರಿ ಮಾಡಿಕೊಂಡ ನೀತಿ ಸಂಹಿತೆಯಲ್ಲಿ, ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊಡ್ಡಲು ನೆರವನ್ನು ಬಳಸಬಾರದು ಎಂಬ ಅಂಶವಿದೆ. ಅದನ್ನು ಮುಂದೆ ನಿಂತು ಮಾಡಿಸಿದವರಲ್ಲಿ ಕ್ಯಾಥೋಲಿಕರ ಕಾರಿತಾಸ್, ಲುಥೆರನ್ ವರ್ಲ್ಡ್ ಫೆಡರೇಷನ್, ಸಭೆಗಳ ವಿಶ್ವ ಮಂಡಳಿ ಮೂವರೂ ಇದ್ದರು. ಸಭೆಗಳು ತಾವೇ ಒಪ್ಪಿದ ನಿಯಮ ಇದು. ಕೂಟದ ಮೊದಲ ದಿನವೇ ಇದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಎಲ್ಲ ಸಭೆಯವರೂ ಸಹಿ ಮಾಡಿ, ಪ್ರತಿಯನ್ನು ತಹಶೀಲ್ದಾರರಿಗೆ ಕೊಡಿ.

ಕೊಡುವಾಗ ಫೋಟೊ ತೆಗೆಯಬೇಡಿ. ಲೆಕ್ಕಕ್ಕೆ ವಹಿಯ ಸಹಿ ಸಾಕು.

ಹೊಳೆ ಇಳಿದ ಮೇಲೆ

ನಿಜವಾದ ಕೆಲಸ ಆಗ ಶುರು. ಕೆಸರು ಎತ್ತಲು ಸಲಿಕೆ, ಪುಟ್ಟಿ, ಬೂಟು, ಬ್ಲೀಚಿಂಗ್ ಪೌಡರ್ ಬೇಕು. ಯುವಜನರಿಗೆ ಎರಡು ಭಾನುವಾರದ ದುಡಿಮೆ ಅದು. ಕುಡಿಯುವ ನೀರು ಕುದಿಸಿ ಆರಿಸಿದ್ದೇ ಆಗಬೇಕು. ಭೇದಿ ಹತ್ತಿದವರಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕುಡಿಸಿ ಆಸ್ಪತ್ರೆಗೆ ಒಯ್ಯಿರಿ. ಕಟ್ಟಿಗೆ ರಾಶಿ, ಹಾಸಿಗೆ ಸರಿಸುವಾಗ ಕೋಲು ಬಳಸಿ, ಹಾವುಗಳು ಅಲ್ಲೇ ಸೇರಿರುತ್ತವೆ.

ಇದಕ್ಕಿಂತ ಕಷ್ಟದ್ದು ಕಾಗದಪತ್ರ. 2019ರಲ್ಲಿ ತಕ್ಷಣದ ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ಹಂತ ಹಂತವಾಗಿ ಕೊಡುವ ತೀರ್ಮಾನವನ್ನು ರಾಜ್ಯ ಸರ್ಕಾರ ಮಾಡಿತ್ತು. ಈ ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆಯಾ ವರ್ಷದ ಆದೇಶ ನೋಡಬೇಕು. ಹಣವಿದ್ದರೂ ಕೈಗೆ ಬಾರದಿರುವುದು ಸಣ್ಣ ಕಾರಣಗಳಿಗೆ. ಆಧಾರ್‌ನಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು. ಮನೆ ಸತ್ತ ಅಜ್ಜನ ಹೆಸರಿನಲ್ಲೇ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಪಂಚನಾಮೆಗೆ ಬಂದ ದಿನ ಮನೆಯವರು ಕಾಳಜಿ ಕೇಂದ್ರದಲ್ಲಿದ್ದರು.

ಇಲ್ಲಿ ಪ್ರತಿ ಸಭೆಯಲ್ಲೂ ಇರುವ ಆಸ್ತಿಯೊಂದು ಕೆಲಸಕ್ಕೆ ಬರುತ್ತದೆ. ನಿವೃತ್ತ ಶಾಲಾ ಮಾಸ್ತರರು, ಕಚೇರಿಯಲ್ಲಿ ದುಡಿದ ಗುಮಾಸ್ತರು, ಕಾಲೇಜು ಓದುವ ಹುಡುಗಿಯರು. ವಾರಕ್ಕೆರಡು ಸಂಜೆ ಚರ್ಚಿನ ಜಗುಲಿಯಲ್ಲಿ ಮೇಜು ಹಾಕಿ ಅರ್ಜಿ ಬರೆದುಕೊಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಉತಾರ ನಾಲ್ಕನ್ನೂ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ. ಸ್ಥಳ, ದಿನಾಂಕ ಮೂಡುವಂತೆ ಬಿದ್ದ ಗೋಡೆಯ ಫೋಟೊ ತೆಗೆಯಿರಿ. ಫೋಟೊ ಬೇಕಾಗುವುದು ಇಲ್ಲಿ. ರೈತರ ಬೆಳೆ ಪರಿಹಾರಕ್ಕೆ ಫ್ರೂಟ್ಸ್ ಐಡಿ ಇದೆಯೇ ನೋಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಬರಬಾರದು. ಬಾಡಿಗೆ ಮನೆಯವರಿಗೆ ಮನೆ ಪರಿಹಾರ ಸಿಗುವುದಿಲ್ಲ. ಕೂಟದ ಸ್ವಂತ ಹಣ ಮೊದಲು ಹೋಗಬೇಕಾದದ್ದು ಅವರ ಪಾತ್ರೆಪಗಡಕ್ಕೆ, ಎರಡು ತಿಂಗಳ ಬಾಡಿಗೆಗೆ.

ಸಮಾರ್ಯದವನ ಸಾಮ್ಯವನ್ನು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದ ಭಾಗ ಎಲ್ಲರಿಗೂ ನೆನಪಿರುತ್ತದೆ. ಆತ ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆ ಎಂದು ಹೊಣೆ ಹೊತ್ತ ಭಾಗ ಅಷ್ಟು ನೆನಪಿರುವುದಿಲ್ಲ. ಅವನು ತಿರುಗಿ ಬರುವವನಾಗಿದ್ದ. ನಮ್ಮ ವಹಿ ಅಂಥದ್ದು. ಹೊಳೆ ಇಳಿದ ಮೇಲೂ ಅದೇ ಮನೆಗೆ ತಿರುಗಿ ಹೋಗಲು.

ಹೊಳೆ ಬಾರದ ವರ್ಷವೂ ಆ ವಹಿಗೆ ಕೆಲಸವಿದೆ. 2022ರಲ್ಲಿ ಆರಂಭವಾದ ನಿ-ಕ್ಷಯ ಮಿತ್ರ ಯೋಜನೆಯಲ್ಲಿ ಯಾವ ಸಂಘ ಸಂಸ್ಥೆಯಾದರೂ ಕ್ಷಯ ರೋಗಿಗಳನ್ನು ದತ್ತು ಪಡೆದು ಕನಿಷ್ಠ ಆರು ತಿಂಗಳು ಪೌಷ್ಟಿಕ ಆಹಾರದ ಬುಟ್ಟಿ ಕೊಡಬಹುದು. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸಭೆಗೊಬ್ಬ ರೋಗಿಯೆಂದರೆ ಭಾರವಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ದೂರದಿಂದ ಬರುವ ಗ್ಯಾಂಗಿನವರ ಗುಡಿಸಲುಗಳಿಗೂ ಒಂದು ಪುಟ ಬೇಕು. ಅಲ್ಲಿನ ಮಕ್ಕಳು ಶಾಲೆಗೆ ಹೋಗುತ್ತಿಲ್ಲವೆಂದರೆ ಶಿಕ್ಷಣ ಇಲಾಖೆಗೆ ತಿಳಿಸಿ ಟೆಂಟ್ ಶಾಲೆ ಕೇಳಬಹುದು. ಬಾಣಂತಿಯ ಹೆಸರನ್ನು ಅಂಗನವಾಡಿಗೆ ಬರೆಸಬಹುದು.

ಮುಂಗಾರು ಹಿಡಿಯುವುದು ಜೂನ್‌ನಲ್ಲಿ. ಮೇ ತಿಂಗಳ ಮೊದಲ ಭಾನುವಾರ ನಿಮ್ಮ ಆರಾಧನೆ ಮುಗಿದ ಮೇಲೆ ನೇರ ಮನೆಗೆ ಹೋಗಬೇಡಿ. ನಿಮ್ಮ ಊರಿನ ಇನ್ನೊಂದು ಸಭೆಯ ಬಾಗಿಲಿಗೆ ಹೋಗಿ, ಅಲ್ಲಿಯ ಪಾಸ್ಟರನ್ನೋ ಫಾದರನ್ನೋ ಮಾತಾಡಿಸಿ. ಹೋಗುವಾಗ ವಹಿ ಕೈಯಲ್ಲಿರಲಿ, ಮೊದಲ ಪುಟವನ್ನು ಅವರ ಕೈಯಿಂದಲೇ ಬರೆಸಿ.